ರೊಟ್ಟಿ ಮಾಡಿದವಳ ಪಾಲು

ನನ್ನ ತಂಗಿಯ ಮಗಳು ಗಂಡನ ಮನೆ ಬಿಟ್ಟು ಕುಷ್ಟಗಿಯಿಂದ ಬಂದಾಗ ಅವಳ ಕೈಯಲ್ಲಿ ಇದ್ದದ್ದು ಒಂದೇ ಒಂದು ನೀಲಿ ಚೀಲ. ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅದನ್ನಿಟ್ಟು ತಲೆ ತಗ್ಗಿಸಿ ಕೂತಳು. ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

"ಏಳು, ಈಗ ಪೊಲೀಸ್ ಠಾಣೆಗೆ ಹೋಗೂಣು" ಎಂದೆ.

"ಬ್ಯಾಡ ದೊಡ್ಡವ್ವ. ಮಾವ ಚರ್ಚ್ ಸಭಾದ ಹಿರಿಯರು. ಅವರ ಮರ್ಯಾದಿ ಹೋಗತೈತಿ."

ಮರ್ಯಾದೆಯಂತೆ! ಹೊಡೆತ ತಿಂದವಳಿಗೆ ಹೊಡೆದವನ ಮನೆಯ ಮರ್ಯಾದೆಯ ಚಿಂತೆ. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈದೆ. ಆಮೇಲೆ ಅತ್ತುಬಿಟ್ಟೆ.

ಅವಳ ಗಂಡ ಕುಷ್ಟಗಿಯಲ್ಲಿ ಅಂಗಡಿ ಇಟ್ಟುಕೊಂಡವನು. ಮಾವ ಮಾತ್ರ ಗಂಗಾವತಿಯ ನಮ್ಮ ಚರ್ಚಿನಲ್ಲೇ ಹಿರಿಯರು. ತಿಂಗಳಿಗೊಮ್ಮೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ನಡೆಯುವಾಗ ದ್ರಾಕ್ಷಾರಸದ ಬಟ್ಟಲುಗಳ ತಟ್ಟೆ ಹಿಡಿಯುವವರು ಅವರೇ. ಕಮಿಟಿಯಲ್ಲಿ ಅವರ ಮಾತಿಗೆ ಎದುರಿಲ್ಲ. ಸ್ವಲ್ಪ ದಿನಕ್ಕೆ ಪಾಸ್ಟರು ನಮ್ಮ ಮನೆಗೆ ಬಂದರು. ವಯಸ್ಸಿನ್ನೂ ಚಿಕ್ಕದು, ಒಳ್ಳೆಯ ಮನುಷ್ಯ, ಆದರೆ ಅಂದು ನನ್ನ ಮುಖ ನೋಡದೆ ಬಾಗಿಲ ಚೌಕಟ್ಟಿನ ಜೊತೆ ಮಾತಾಡಿದರು.

"ಗಂಡನ ಮನಿಗೆ ತಿರುಗಿ ಹೋಗೂತನಕ ನಿಮ್ಮ ಹುಡುಗಿ ಭೋಜನಕ್ಕ ಬರೂದು ಬ್ಯಾಡ ಅಂತ ಕಮಿಟಿ ತೀರ್ಮಾನ ಆಗೈತ್ರಿ ಅಕ್ಕಾರ."

"ಹೊಡದಾವಗ ಏನು ತೀರ್ಮಾನ ಮಾಡೀರಿ?"

ಪಾಸ್ಟರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ನಾನಾಗಿದ್ದರೆ ಹೋಗ್ರೋ ಎಂದು ಸುಮ್ಮನಿರುತ್ತಿದ್ದೆ. ಆದರೆ ಈ ಹುಡುಗಿ ದೀಕ್ಷಾಸ್ನಾನ ತಗೊಂಡಾಗಿನಿಂದ ಒಂದು ಭೋಜನವನ್ನೂ ತಪ್ಪಿಸಿದವಳಲ್ಲ. ಸ್ವತಃ ದೇವರೇ ಬಾಗಿಲು ಹಾಕಿಕೊಂಡ ಎಂದು ಅವಳಿಗೆ ಅನಿಸಿಬಿಟ್ಟಿತು. ಒಣಗಿದ ಸೀರೆಗಳನ್ನು ಮಡಚಿ ಮತ್ತೆ ಆ ನೀಲಿ ಚೀಲಕ್ಕೆ ತುಂಬಿದಳು.

"ಐತವಾರ ಆರಾಧನಿ ಮುಗದ ಮ್ಯಾಲ ಕುಷ್ಟಗಿ ಬಸ್ಸಿಗೆ ಹೋಗತೀನಿ ದೊಡ್ಡವ್ವ. ಹೊಡದ್ರ ಹೊಡೀಲಿ. ದೇವರ ಮನಿಯಿಂದ ಹೊರಗ ಹಾಕಿಸ್ಕೊಂಡು ಬದಕೂದು ನನ್ನ ಕೈಲೆ ಆಗಂಗಿಲ್ಲ."

ಗದರಿದೆ, ಕೈ ಹಿಡಿದು ಬೇಡಿಕೊಂಡೆ, ನಿನ್ನ ತಾಯಿ ಇದ್ದಿದ್ದರೆ ಕಳಿಸುತ್ತಿದ್ದಳೇನು ಎಂದು ಕೇಳಿದೆ. ಹುಡುಗಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಚೀಲ ಬಾಗಿಲ ಮೂಲೆಗೆ ಹೋಗಿ ಕೂತಿತು.

ಆ ವಾರವೇ ರೊಟ್ಟಿಯ ಪಾಳಿ ನಮ್ಮ ಮನೆಗೆ ಬಂದಿತ್ತು. ನಮ್ಮ ಸಭೆಯಲ್ಲಿ ಭೋಜನದ ರೊಟ್ಟಿ ಅಂಗಡಿಯಿಂದ ಬರುವುದಿಲ್ಲ. ಸ್ತ್ರೀಯರ ಸಂಘದವರು ಪಾಳಿಯ ಪ್ರಕಾರ ಮನೆಯಲ್ಲೇ ಮಾಡುತ್ತೇವೆ, ಉಪ್ಪು ಹಾಕದ ಗೋಧಿ ಚಪಾತಿ. ನನ್ನ ಮಣಿಕಟ್ಟು ನೋಯುತ್ತಿತ್ತು. ಭಾನುವಾರ ಬೆಳಗ್ಗೆ ಹುಡುಗಿಯೇ ಮಿಂದು ಬಂದು ಹಿಟ್ಟು ನಾದಿದಳು. ತಿನ್ನಲು ಅಪ್ಪಣೆಯಿಲ್ಲದ ರೊಟ್ಟಿಯನ್ನು ಅಷ್ಟು ಜತನದಿಂದ ಲಟ್ಟಿಸುವುದನ್ನು ನೋಡಲಾಗದೆ ನಾನು ಹಿತ್ತಿಲಿಗೆ ಹೋಗಿ ನಿಂತೆ.

ರೊಟ್ಟಿ ಒಯ್ಯಲು ನಮ್ಮ ಸಂಘದ ಅಧ್ಯಕ್ಷೆ ಬಂದರು. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು, ಎಲ್ಲರ ಬಾಯಲ್ಲೂ ನರ್ಸಮ್ಮ. ಒಲೆಯ ಮುಂದೆ ಕೂತವಳನ್ನು ನೋಡಿದರು, ಮೂಲೆಯ ಚೀಲ ನೋಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ಕಮಿಟಿಯವರು ಆಕಿ ತಿನ್ನೂದು ಬ್ಯಾಡ ಅಂದ್ರು. ಮಾಡೂದೂ ಬ್ಯಾಡ ಅಂದಾರೇನು?" ಎಂದು ಕೇಳಿದರು ನರ್ಸಮ್ಮ.

"ಅದನ್ನ ಯಾಕ ಅಂತಾರ್ರಿ? ರೊಟ್ಟಿ ಎಲ್ಲಿಂದ ಬರತೈತಿ ಅನ್ನೂದು ಆ ಗಂಡಸರಿಗೆ ನೆನಪು ಎಲ್ಲಿರತೈತಿ?"

ನರ್ಸಮ್ಮನ ಮುಖದಲ್ಲಿ ಸಣ್ಣ ನಗು ಬಂತು. ಚಪಾತಿಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟವರು ದಾರಿಯುದ್ದಕ್ಕೂ ನಮ್ಮ ಸಂಘದ ಹೆಂಗಸರ ಮನೆಗಳ ಮುಂದೆ ನಿಂತು ಮಾತಾಡುತ್ತ ಹೋದರು. ಆರಾಧನೆ ಶುರುವಾಗುವ ಹೊತ್ತಿಗೆ ನಾವೆಲ್ಲ ಒಂದಾಗಿದ್ದೆವು. ಹುಡುಗಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅವಳು ಚಪ್ಪಲಿ ಬಿಡುವ ಬಾಗಿಲ ಹತ್ತಿರ, ಕೊನೆಯ ಚಾಪೆಯ ಅಂಚಿನಲ್ಲಿ ಕೂತಿದ್ದಳು.

ನಮ್ಮಲ್ಲಿ ಭೋಜನಕ್ಕೆ ಗಂಡಸರು ಮೊದಲು. ಅವರೆಲ್ಲ ಮೊಣಕಾಲೂರಿ ರೊಟ್ಟಿಯ ಚೂರು ತಿಂದರು, ಬಟ್ಟಲು ಕುಡಿದರು. ಹುಡುಗಿಯ ಮಾವನೂ ತಿಂದರು. ಆಮೇಲೆ ಪಾಸ್ಟರು ನಮ್ಮ ಕಡೆ ತಿರುಗಿ, "ಬರ್ರಿ ತಾಯಂದಿರಾ" ಎಂದರು. ಒಬ್ಬಳೂ ಏಳಲಿಲ್ಲ. ಮತ್ತೊಮ್ಮೆ ಕರೆದರು. ಆಗ ನರ್ಸಮ್ಮ ಎದ್ದು ನಿಂತರು.

"ಅಯ್ನೋರ, ಇವತ್ತಿನ ರೊಟ್ಟಿ ಹೆಂಗಿತ್ರಿ?"

ಪಾಸ್ಟರು ಗಲಿಬಿಲಿಗೊಂಡರು. "ಛಲೋ ಇತ್ತಲ್ರಿ."

"ಅದನ್ನ ಮಾಡಿದಾಕಿ ಅಲ್ಲಿ ಚಪ್ಪಲಿ ಬಾಜೂಕ ಕುಂತಾಳ ನೋಡ್ರಿ. ಆಕಿ ಕೈ ಮೈಲಿಗಿ ಅಂದ್ರ ನೀವೆಲ್ಲಾರು ಮೈಲಿಗಿ ತಿಂದೀರಿ. ಮೈಲಿಗಿ ಅಲ್ಲ ಅಂದ್ರ ಆಕೀಗೂ ಪಾಲು ಕೊಡ್ರಿ. ಎರಡ್ರಾಗ ಒಂದು ಹೇಳ್ರಿ."

ಮೈಲಿಗೆ ಎಂಬ ಶಬ್ದವನ್ನು ನಮ್ಮ ಸಭೆಯಲ್ಲಿ ಯಾರೂ ಸುಮ್ಮನೆ ಆಡುವುದಿಲ್ಲ. ನಮ್ಮ ಅಜ್ಜ ಅಜ್ಜಿಯರು ಈ ಚರ್ಚಿನ ಮೆಟ್ಟಿಲು ಹತ್ತಿದ್ದೇ ಆ ಶಬ್ದದ ಕಾಟ ತಾಳಲಾರದೆ. ಬಾವಿ, ಗುಡಿ, ಚಹಾದಂಗಡಿ ಎಲ್ಲೆಲ್ಲೂ ದೂರ ನಿಲ್ಲಿಸಿಕೊಂಡವರು ಇಲ್ಲಿ ಒಂದೇ ರೊಟ್ಟಿಯನ್ನು ಹಂಚಿ ತಿಂದರು. ಈಗ ಅವರ ಮರಿಮೊಮ್ಮಗಳನ್ನೇ ನಾವು ಚಪ್ಪಲಿಯ ಹತ್ತಿರ ಕೂರಿಸಿದ್ದೆವು. ಗಂಡಸರ ಸಾಲಿನಲ್ಲಿ ತಲೆಗಳು ಒಂದೊಂದಾಗಿ ಬಗ್ಗಿದವು.

ಹುಡುಗಿಯ ಮಾವ ಬಟ್ಟಲುಗಳ ತಟ್ಟೆ ಹಿಡಿದೇ ಒಂದು ಹೆಜ್ಜೆ ಮುಂದೆ ಬಂದರು. "ದೇವರ ಮುಂದ ಏನಿದು ಪಂಚಾಯ್ತಿ?" ಎಂದರು.

"ದೇವರ ಮುಂದ ಅಲ್ದ ಇನ್ಯಾರ ಮುಂದ ಹೇಳೂದ್ರಿ? ಕಮಿಟಿಯಾಗ ನಮಗ ಕುರ್ಚಿ ಇಲ್ಲಲ್ಲ."

ಅಬ್ಬಾ, ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಸೆರಗು ಕಚ್ಚಿಕೊಂಡು ಕೂತೆ.

ಪಾಸ್ಟರು ಹುಡುಗಿಯ ಕಡೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ತಪ್ಪಾತು. ಈ ತಂಗೀನ ಕರದು ಒಂದು ಮಾತು ಕೇಳಲಿಲ್ಲ ನಾವು. ಆರಾಧನಿ ಮುಗದ ಮ್ಯಾಲ ಕಮಿಟಿ ಕೂಡೂಣು. ತಾಯಂದಿರೂ ಕುಂದ್ರಲಿ, ತಂಗೀನೂ ಮಾತಾಡ್ಲಿ" ಎಂದರು. ರೊಟ್ಟಿಯ ತಟ್ಟೆ ಹಿಡಿದು ಚಾಪೆಗಳ ನಡುವೆ ನಡೆದು ಬಾಗಿಲವರೆಗೆ ಹೋದರು. ಹುಡುಗಿ ಎರಡೂ ಕೈ ಚಾಚಿದಳು. ಅವಳ ಬೆರಳ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು. ನನಗೆ ಮುಂದಿನದು ಸರಿಯಾಗಿ ಕಾಣಿಸಲಿಲ್ಲ, ಕಣ್ಣು ತುಂಬಿತ್ತು.

ಮಾವ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟಿದ್ದರು. ನರ್ಸಮ್ಮ ಹೋಗಿ ಅದನ್ನು ಎತ್ತಿಕೊಂಡು ಪಾಸ್ಟರ ಹಿಂದೆ ನಿಂತರು. ನಮ್ಮ ಸಭೆಯಲ್ಲಿ ಹೆಂಗಸೊಬ್ಬಳು ಆ ತಟ್ಟೆ ಮುಟ್ಟಿದ್ದು ಅದೇ ಮೊದಲು. ಯಾರೂ ಬೇಡ ಎನ್ನಲಿಲ್ಲ.

ಅಂದು ಮಧ್ಯಾಹ್ನ ಕಮಿಟಿಯ ಮುಂದೆ ಹುಡುಗಿ ಮೆಲ್ಲಗೆ, ತಡವರಿಸುತ್ತ ಎಲ್ಲ ಹೇಳಿದಳು. ಅವಳನ್ನು ಬಲವಂತವಾಗಿ ಕಳಿಸುವ ಮಾತು ಅಲ್ಲಿಗೇ ಬಿತ್ತು. ಮಾವನ ಕಡೆಯವರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ, ನನ್ನ ಗಂಟೇನು ಹೋಯಿತು?

ಕುಷ್ಟಗಿಯ ಬಸ್ಸು ಹೋಗಿ ಎಷ್ಟೋ ಹೊತ್ತಾದರೂ ಚೀಲ ಮಾತ್ರ ಮೂಲೆಯಲ್ಲೇ ಇತ್ತು. ಕೇಳುವ ಧೈರ್ಯ ನನಗಾಗಲಿಲ್ಲ. ಮರುದಿನ ಎದ್ದು ನೋಡಿದರೆ ಸೀರೆಗಳೆಲ್ಲ ಗೂಟದ ಮೇಲಿದ್ದವು. ಹುಡುಗಿ ಚೀಲಕ್ಕೆ ಗೋಧಿ ತುಂಬುತ್ತಿದ್ದಳು.

"ಇದ್ದ ಹಿಟ್ಟೆಲ್ಲ ನಿನ್ನೆ ರೊಟ್ಟಿಗೆ ಆತು ದೊಡ್ಡವ್ವ. ಗಿರಣಿಗೆ ಹೋಗತೀನಿ. ಬೀಸಿ ಮುಗಿಯೂದ್ರಾಗ ನರ್ಸಮ್ಮಾರ್ನ ಕರ್ಕೊಂಡು ಠಾಣೆಗೂ ಹೋಗಿ ಬರತೀನಿ."

ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಇಷ್ಟು ದಿನ ಒಂದೇ ಸಮನೆ ಒದರಿದವಳು ಎದ್ದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟೆ. "ಚಹಾ ಕುಡದು ಹೋಗವ್ವ" ಎಂದೆ.