ಪೂಜೆಗಿಟ್ಟ ಗಿಟಾರು

ನನ್ನ ಮೊಮ್ಮಗಳ ಸಿ.ಡಿ. ಬಂದಿದೆ! ಕೈಗೆ ಬಂದಾಗಿನಿಂದ ಸಂತೋಷ ತಡೆಯಲಾರದೆ ಬರೆಯೋಕೆ ಕೂತಿದ್ದೇನೆ. ಓದು ಬರಹ ನನಗೆ ಅಷ್ಟಕ್ಕಷ್ಟೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದರ ಕೊನೇ ಹಾಡು ಇದೆಯಲ್ಲ, ಅದು ಆಗದೇ ಹೋಗುವುದರಲ್ಲಿತ್ತು.

ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ನಾನು, ಮಗ, ಕಾಲೇಜಿಗೆ ಹೋಗುವ ಮೊಮ್ಮಗಳು. ಅವಳಿಗೆ ಕರೆಂಟಿನ ಗಿಟಾರಿನ ಹುಚ್ಚು. ಬ್ಲೂಸ್ ರಾಕ್ ಅನ್ನೋ ಅಮೆರಿಕದ ಸಂಗೀತವಂತೆ. ನಾನು ಬೇಳೆ ಆರಿಸುವಾಗ ಪಕ್ಕದಲ್ಲಿ ಕೂತು ಒಂದೊಂದೇ ಆಲ್ಬಮ್ ಹಾಕಿ, ನುಡಿಸಿದವರ ಕತೆ ಹೇಳುವಳು. ಹತ್ತಿ ಹೊಲದಲ್ಲಿ ದುಡಿದವರ ಮಕ್ಕಳಂತೆ, ಸೀಸೆಯ ಕತ್ತನ್ನು ಬೆರಳಿಗೆ ಸಿಕ್ಕಿಸಿಕೊಂಡು ತಂತಿ ಉಜ್ಜಿದವರಂತೆ. ಆ ತಂತಿ ಎಳೆದಾಗ ಬರುವ ದನಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಲ್ಲ, ಥೇಟ್ ಹಾಗೆ. ನನಗೆ ತಿಳಿಯುತ್ತಿತ್ತು. ಮಗ ಮಾತ್ರ, "ಆ ಮಿಕ್ಸಿ ಆಫ್ ಮಾಡಿಸಮ್ಮಾ" ಅನ್ನುವನು. ಗಿಟಾರಿನ ವಿಷಯಕ್ಕೆ ಅಪ್ಪ ಮಗಳು ಮಾತು ನಿಲ್ಲಿಸಿ ವರ್ಷದ ಮೇಲಾಗಿತ್ತು.

ಆಯುಧ ಪೂಜೆ ದಿನ ಬಾಗಿಲಾಚೆ ಮಗನ ಸ್ಕೂಟರಿಗೆ ಹಾರ ಹಾಕಿ, ಹೂವಿನ ಬುಟ್ಟಿ ಹಿಡಿದು ಬಂದು ನೋಡುತ್ತೇನೆ, ದೇವರ ಮುಂದೆ ಕತ್ತರಿ, ಸ್ಕ್ರೂಡ್ರೈವರು, ಈಳಿಗೆಮಣೆ, ನಡುವೆ ಗಿಟಾರು! ಅವಳು ಸ್ನಾನಕ್ಕೆ ಹೋದಾಗ ಮಗನೇ ತಂದಿಟ್ಟು ಕುಂಕುಮ ಹಚ್ಚಿದ್ದ.

"ಅವಳ ಆಯುಧವೂ ಇರಲಿ ಅಮ್ಮಾ" ಅಂದ, ನನ್ನ ಮುಖ ನೋಡದೆ. ನನಗೆ ಕಣ್ಣು ತುಂಬಿತು.

ಮಂಗಳಾರತಿ ಮುಗಿಯುವ ಹೊತ್ತಿಗೆ ಮೊಮ್ಮಗಳು ತಲೆಗೆ ಟವಲ್ ಸುತ್ತಿಕೊಂಡು ಬಂದಳು. ನೋಡಿ ಅಲ್ಲೇ ನಿಂತುಬಿಟ್ಟಳು.

"ಪಪ್ಪಾ, ಇವತ್ತು ಘಾಜಿಯಾಬಾದಲ್ಲಿ ರೆಕಾರ್ಡಿಂಗ್ ಇದೆ. ಲಾಸ್ಟ್ ಹಾಡು." ವರ್ಷದ ಮೇಲೆ ಅಪ್ಪನ ಜೊತೆ ಅವಳ ಮೊದಲ ಮಾತು.

"ನಾಳೆ ಹೋಗು. ಪೂಜೆಗಿಟ್ಟಿದ್ದನ್ನ ದಶಮಿ ಬೆಳಗಿನ ತನಕ ಮುಟ್ಟಬಾರದು."

"ಡ್ರಮ್ಸ್ ನುಡಿಸೋಳು ಇವತ್ತೇ ಊರು ಬಿಡ್ತಾಳೆ ಪಪ್ಪಾ, ವಾಪಸ್ ಬರಲ್ಲ. ಬೇರೆ ಗಿಟಾರ್ ತಗೊಂಡ್ರೆ ದನಿ ಕೂಡಲ್ಲ."

"ಯಾವತ್ತೂ ಇಲ್ಲದೆ ಇವತ್ತು ನಾನಾಗಿ ಇಟ್ಟೆ ನೋಡು!" ಮಗನ ದನಿ ಗಡುಸಾಯಿತು. ಅವಳ ಕೈ ಗಿಟಾರಿನ ತನಕ ಹೋಗಿ ಹಿಂದೆ ಬಂತು. ಅವಳು ಎತ್ತಿದರೆ ಅಪ್ಪನ ಮನಸ್ಸು ಇನ್ನೆಂದೂ ಈ ಕಡೆ ತಿರುಗುವುದಿಲ್ಲ. ಎತ್ತದಿದ್ದರೆ ಹಾಡು ಹೋಯಿತು. ಇಬ್ಬರೂ ನನ್ನ ಕಡೆ ನೋಡಿದರು.

ನಾನು ಅಕ್ಷತೆ ತಗೊಂಡು ಗಿಟಾರಿನ ಮೇಲೆ ಹಾಕಿ, ಒಂಚೂರು ಉತ್ತರಕ್ಕೆ ಸರಿಸಿದೆ, ಹಬ್ಬ ಮುಗಿದಾಗ ಕಲಶ ಕದಲಿಸುತ್ತೇವಲ್ಲ, ಹಾಗೆ.

"ಇದೊಂದನ್ನೇ ಕದಲಿಸ್ತಾರೇನಮ್ಮಾ?"

"ನಿನ್ನ ಸ್ಕ್ರೂಡ್ರೈವರಿಗೆ ಇವತ್ತು ಕೆಲಸ ಇಲ್ಲ, ಮಲಗಲಿ ಬಿಡೋ. ಇದಕ್ಕಿದೆ. ದೇವಿಗೆ ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೊಳ್ಳಲಿ."

ಅವನು ಹೊರಗೆ ಹೋದ. ಸಿಟ್ಟು ಮಾಡಿಕೊಂಡು ಹೊರಟೇಹೋದ ಅಂದುಕೊಂಡೆ. ಬಾಗಿಲಾಚೆಯಿಂದ ಕೂಗಿದ: "ಅಮ್ಮಾ, ಅಕ್ಷತೆ ತಗೊಂಡು ಬಾ. ಸ್ಕೂಟರನ್ನೂ ಕದಲಿಸು. ಅಷ್ಟು ದೂರ ಬಸ್ಸಲ್ಲಿ ಹೇಗೆ ಹೊತ್ಕೊಂಡು ಹೋಗ್ತಾಳೆ?"

ಅಪ್ಪ ಮಗಳನ್ನು ಹೊತ್ತು ಹಾರದ ಸಮೇತ ಸ್ಕೂಟರ್ ಹೊರಟಿತು. ಆಮೇಲೆ ಹಿಡಿಯಿತು ನೋಡಿ ನನಗೆ ಭಯ. ಆ ರೋಡು, ಆ ಲಾರಿಗಳು! ನನ್ನ ಮೇಲೆ ತೀರಿಸಿಕೋ ಅಂದದ್ದು ದೇವಿಗೆ ಕೇಳಿಸಿತೋ ಇಲ್ಲವೋ. ಸಂಜೆ ದೀಪ ಹಚ್ಚಿದೆ. ಅವರಿಂದ ಫೋನಿಲ್ಲ. ಮಗನ ಮೊಬೈಲಿಗೆ ಮಾಡಿದರೆ ಸ್ವಿಚ್ ಆಫ್. ಬೀದಿಯಲ್ಲಿ ಯಾವ ಸ್ಕೂಟರಿನ ಸದ್ದಾದರೂ ಬಾಗಿಲಿಗೆ ಓಡುವುದು, ಬಂದು ದೇವರ ಮುಂದೆ ಕೂರುವುದು. ಗಿಟಾರಿದ್ದ ಜಾಗ ಖಾಲಿ, ನಾಲ್ಕು ಅಕ್ಕಿ ಕಾಳು ಬಿದ್ದಿದ್ದವು.

ಕೊನೆಗೂ ಫೋನು ಹೊಡೆದುಕೊಂಡಿತು. ಎತ್ತಿದರೆ ಮಗನ ದನಿಯಲ್ಲ, ಮೊಮ್ಮಗಳದೂ ಅಲ್ಲ. ಗಿಟಾರು! ಆ ತಂತಿ ಎಳೆದೂ ಎಳೆದೂ ಅಳುತ್ತಿದೆ, ಅದರ ಹಿಂದೆ ಡ್ರಮ್ಸು.

"ಏನೋ, ಮಿಕ್ಸಿ ಆನ್ ಆಯ್ತೇನೋ?" ಅಂದೆ, ನಗುತ್ತಾ ಅಳುತ್ತಾ.

"ಶ್! ರೆಕಾರ್ಡ್ ಆಗಿದ್ದನ್ನ ತಿರುಗಿ ಹಾಕಿದಾರೆ" ಅಂದ ಮಗ. "ಸುಮ್ನಿರಮ್ಮಾ, ಕೇಳೋಕೆ ಬಿಡು."