ಇಲಿಗಳಲ್ಲಿ ಬೆಳೆದ ನನ್ನ ಗಡ್ಡೆ

ಸ್ನಾನ ಮಾಡುವಾಗ ಎಡ ಮೊಲೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ನೋವಿರಲಿಲ್ಲ. ಡೈರಿಯಲ್ಲಿ ಬರೆದೆ: ಅಡಿಕೆಯಷ್ಟು, ಒತ್ತಿದರೆ ಜಾರುವುದಿಲ್ಲ. ಅದು ಕಳೆದ ವರ್ಷ, 2004. ನನಗೆ ಇಪ್ಪತ್ತೇಳು.

ಹನ್ನೊಂದನೇ ದಿನ ಮಂಗಳೂರಿನಲ್ಲಿ ಬಯಾಪ್ಸಿ. ಹತ್ತೊಂಬತ್ತನೇ ದಿನ ರಿಪೋರ್ಟು.

ಕ್ಯಾನ್ಸರ್.

ಚಿಕ್ಕಮ್ಮ ಇದೇ ಕಾಯಿಲೆಯಲ್ಲಿ ಹೋದವಳೆಂದು ಅಲ್ಲಿನ ಡಾಕ್ಟರಮ್ಮನಿಗೆ ಹೇಳಿದ್ದೆ. ಆಪರೇಷನ್ನಿನ ಹಿಂದಿನ ದಿನ ಅವರು ಒಂದು ಫಾರಂ ತಂದರು. ತೆಗೆದ ಗಡ್ಡೆಯ ಚೂರುಗಳನ್ನು ಇಲಿಗಳ ಮೈಯೊಳಗೆ ಇಟ್ಟು, ಅಲ್ಲಿ ಬೆಳೆದರೆ ಅದರ ಜೀನ್‌ಗಳನ್ನು ಪರೀಕ್ಷಿಸುತ್ತಾರಂತೆ. ನನಗೆ ಇದರಿಂದ ಪ್ರಯೋಜನವಿಲ್ಲ, ಮುಂದೆ ಬರುವವರಿಗೆ ಆಗಬಹುದು ಎಂದರು. ಸಹಿ ಹಾಕಿದೆ.

ನಾಲ್ಕನೇ ಕೀಮೋಗೆ ಹೋದಾಗ ವಿಚಾರಿಸಿದೆ. ಆರು ಇಲಿಗಳಲ್ಲಿ ಎರಡರಲ್ಲಿ ಬೆಳೆದಿತ್ತು. ಯಾಕೋ ಹೆಮ್ಮೆಯಾಯಿತು. ಭಂಡಿಗಡಿಯ ಮನೆಗೆ ಬಂದವಳು ಊಟಕ್ಕೆ ಕೂತಾಗ ಹೇಳಿಬಿಟ್ಟೆ.

ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. "ಇಲಿಗೆ ಹತ್ತಿದ್ದು ಮನುಷ್ಯರಿಗೆ ಹತ್ತಲ್ವನೇ?"

"ಇಲ್ಲಮ್ಮ. ಆ ಇಲಿಗಳಿಗೆ ಹುಟ್ಟಿನಿಂದ್ಲೇ ರೋಗ ತಡೆಯೋ ಶಕ್ತಿ ಇರಲ್ಲ. ಕೊಯ್ದು ಒಳಗೆ ಇಟ್ರೆ ಮಾತ್ರ ಬೆಳೆಯೋದು."

"ಹತ್ತು ತಿಂಗಳ ಕೂಸಿಗೆ ಎಂತ ಶಕ್ತಿ ಇರತ್ತೆ?"

ಕೂಸೆಂದರೆ ಅಕ್ಕನ ಮಗಳು ಪುಟ್ಟಿ. ನನ್ನ ಮಡಿಲಲ್ಲಿತ್ತು. ಅಕ್ಕ ಊಟ ಬಿಟ್ಟು ಎದ್ದಳು. ಬಂದು ಎತ್ತಿಕೊಂಡು ಹೋದಳು.

ಮರುದಿನ ನನ್ನ ತಟ್ಟೆ ಲೋಟ ಬೇರೆಯಾದವು. ಯಾರೂ ಬೈಯಲಿಲ್ಲ. ಗಂಜಿ ಬಿಸಿಯಾಗಿಯೇ ಬರುತ್ತಿತ್ತು, ಕೋಣೆಯ ಬಾಗಿಲವರೆಗೆ. ಡೈರಿಯಲ್ಲಿ ಜ್ವರಕ್ಕೆ, ವಾಂತಿಗೆ ಒಂದೊಂದು ಕಾಲಂ ಇತ್ತು. ಇನ್ನೊಂದು ಗೆರೆ ಎಳೆದೆ: ಪುಟ್ಟಿಯನ್ನು ಎತ್ತಿಕೊಳ್ಳದ ದಿನಗಳು. ಅದು ನಲವತ್ತಮೂರಕ್ಕೆ ಬಂತು. ಉಳಿದ ಎರಡು ಕೀಮೋಗೆ ಒಬ್ಬಳೇ ಹೋಗಿಬಂದೆ. ನನ್ನ ಕಾಯಿಲೆಯನ್ನು ಮೈಯಿಂದ ಬಲ್ಲ ಜೀವಗಳು ಲೋಕದಲ್ಲಿ ಆ ಎರಡು ಇಲಿಗಳು ಮಾತ್ರ ಎಂದು ಎಷ್ಟೋ ಸಂಜೆ ಅನ್ನಿಸುತ್ತಿತ್ತು. ಅವು ಯಾವ ಫಾರಂಗೂ ಸಹಿ ಹಾಕಿರಲಿಲ್ಲ.

ಆಮೇಲೆ ಡಾಕ್ಟರಮ್ಮನ ಫೋನ್ ಬಂತು. ಇದು ಮನೆತನದಲ್ಲಿ ಬರುವ ಬಗೆಯಿರಬಹುದು, ಅಕ್ಕನ ರಕ್ತವನ್ನೂ ನೋಡೋಣ ಎಂದರು. ಅಕ್ಕ ಹೊರಟಳು. ಶೃಂಗೇರಿಯಲ್ಲಿ ಮಂಗಳೂರು ಬಸ್ಸು ಹತ್ತಿ, ಮಗುವಿನೊಂದಿಗೆ ನನ್ನ ಮುಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಬ್ಯಾಗ್ ಇಟ್ಟಳು.

ಕೆರೆಕಟ್ಟೆ ದಾಟಿ ಘಾಟಿಯ ತಿರುವುಗಳು ಶುರುವಾದವು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ತಿರುಗಿದಳು.

"ಕೂಸನ್ನ ಹಿಡ್ಕಳೇ ಮಾರಾಯ್ತಿ, ಬೇಗ! ವಾಂತಿ ಬರ್ತಿದೆ."

"ಹತ್ತಲ್ವಾ ಮತ್ತೆ?"

"ಸುಮ್ನಿರೇ! ಈಗ ನಿನ್ ಮೇಲೇ ಆಗತ್ತೆ ನೋಡು."

ಪುಟ್ಟಿ ನನ್ನ ಬೋಳುತಲೆಯ ಸ್ಕಾರ್ಫ್ ಎಳೆದು ನಕ್ಕಿತು. ಆಮೇಲೆ ಗಾಯದ ಬದಿಗೇ ತಲೆಯಿಟ್ಟು ನಿದ್ದೆಹೋಯಿತು. ನೋಯುತ್ತಿತ್ತು. ನಾನು ಅಲುಗಾಡಲಿಲ್ಲ. ಘಾಟಿ ಇಳಿದ ಮೇಲೂ ಅಕ್ಕ ವಾಪಸು ಕೇಳಲಿಲ್ಲ.

ಅವಳ ರಿಪೋರ್ಟು ಇನ್ನೂ ಬಂದಿಲ್ಲ. ಅಮ್ಮನ ಭಯವೂ ಪೂರ್ತಿ ಹೋಗಿಲ್ಲ. ನಿನ್ನೆ ಪುಟ್ಟಿ ಅಂಬೆಗಾಲಿಡುತ್ತ ನನ್ನ ಕೋಣೆಗೆ ಬಂತು. ಅಮ್ಮ ಹೊಸಿಲಲ್ಲಿ ನಿಂತು ನೋಡಿದಳು. ಎತ್ತಿಕೊಂಡು ಹೋಗಲಿಲ್ಲ.