ಅತ್ತೆಯ ಕಂಪ್ಯೂಟರಿನಲ್ಲಿ ಕೂತ ಕಂಪೈಲರ್

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಹತ್ತಿರ ಇದನ್ನೆಲ್ಲ ಬರೆಸುತ್ತಿದ್ದಾಳಲ್ಲ, ನನ್ನ ಅಣ್ಣನ ಮಗಳು ಸುಮಾ, ಅವಳಿಗೆ ಬುದ್ಧಿ ಇಲ್ಲ. ತಾನು ಬರೆದರೆ ಯಾರೂ ಓದುವುದಿಲ್ಲವಂತೆ.

ನಿನ್ನೆ ಮುಟ್ಟಳ್ಳಿಯಿಂದ ಬಸ್ಸು ಹತ್ತಿ ಸೀದಾ ಹೊನ್ನಾವರದ ನನ್ನ ಟೈಲರಿಂಗ್ ಅಂಗಡಿಗೆ ಬಂದಳು. ಕಸೂತಿ ಮೆಷಿನ್ನಿಗೆ ಡಿಸೈನ್ ಹಾಕುವ ನನ್ನ ಕಂಪ್ಯೂಟರ್ ಬೇಕಿತ್ತು.

ವಿಷಯ ಒಂದು ಕಂಪೈಲರಿನದು. ಅದು ಮನುಷ್ಯ ಬರೆದ ಪ್ರೋಗ್ರಾಮನ್ನು ಮೆಷಿನ್ನಿಗೆ ತಿಳಿಯುವ ಹಾಗೆ ಮಾಡಿಕೊಡುತ್ತದೆ. ಮಾಡುವಾಗ ಅರ್ಥ ಕೆಡುವುದಿಲ್ಲ ಎಂದು ಗಣಿತದಲ್ಲೇ ಸಾಬೀತು ಮಾಡಿದ್ದಾರಂತೆ.

ನಾನು ನವಿಲು ಹಾಕಿದರೆ ಸೂಜಿ ನವಿಲನ್ನೇ ಹೊಲಿಯಬೇಕು, ಕೋಳಿಯನ್ನಲ್ಲ... ಅಷ್ಟೇ!

ಅದನ್ನು ಮಾಡಿದವರು ಬೇರೆ. ಯಾರಾದರೂ ಒಂದೇ ಸಾಲು ಟೈಪ್ ಮಾಡಿ ಇಳಿಸಿಕೊಳ್ಳುವ ಹಾಗೆ ಪ್ಯಾಕೇಜ್ ಕಟ್ಟುವುದು ಸುಮಾಳ ಕೆಲಸ. ವರ್ಷದಿಂದ ಅದೇ ಜಪ. ಇಪ್ಪತ್ತನೇ ತಾರೀಕು ಅದನ್ನು ಪ್ಯಾಕೇಜ್ ಮ್ಯಾನೇಜರಿನವರಿಗೆ, ಎಂದರೆ ಇಂಥ ಪ್ಯಾಕೇಜುಗಳನ್ನು ಎಲ್ಲರಿಗೂ ಹಂಚುವವರಿಗೆ, ಒಪ್ಪಿಸಬೇಕು. ಬೇರೆಯವರ ಕಂಪ್ಯೂಟರಿನಲ್ಲಿ ಕೂರದಿದ್ದರೆ ವಾಪಸ್.

ಸಾಲು ಟೈಪ್ ಮಾಡಿದಳು. ಅಕ್ಷರಗಳು ಓಡಿದವು, ಓಡಿದವು... ಕೆಂಪಾಗಿ ನಿಂತವು.

"ಅತ್ತೆ, ನಿನ್ನ ಕಂಪ್ಯೂಟರಿಗೆ ಎಂತ ಆತು?"

"ನಿನ್ನ ತಲೆಗೆ ಎಂತ ಆತು? ಬೆಳಿಗ್ಗೆ ಇದ್ರಲ್ಲೇ ಮದುಮಗಳ ಬ್ಲೌಸ್ ಹೊಲ್ದೆ!"

ಅಳುವ ಮುಖ ಮಾಡಿಕೊಂಡು ಕೂತವಳು ಇದ್ದಕ್ಕಿದ್ದಂತೆ ನಗಲಿಕ್ಕೆ ಶುರುಮಾಡಿದಳು.

ಹೊಸದು ಏನೇ ಇರಲಿ, ಮೊದಲು ಶ್ರೀ ಬರೆಯದೆ ನಾನು ಕೈ ಇಡುವವಳಲ್ಲ. ಕಂಪ್ಯೂಟರ್ ತಂದ ದಿನ ಅದು ಹೆಸರು ಕೇಳಿತು. ಶ್ರೀ ಹಾಕಿ, ಜಾಗ ಬಿಟ್ಟು, ಅಂಗಡಿ ಹೆಸರು ಹಾಕಿದ್ದೆ. ನನ್ನ ಫೋಲ್ಡರಿಗೂ ಅದೇ ಹೆಸರು ಬಿದ್ದಿತ್ತು.

ಪ್ಯಾಕೇಜನ್ನು ಇಳಿಸಿ ಕೂರಿಸಲು ಸುಮಾ ಬರೆದಿದ್ದ ಸ್ಕ್ರಿಪ್ಟ್ ಆ ಖಾಲಿ ಜಾಗ ಕಂಡಲ್ಲೇ ಹೆಸರನ್ನು ತುಂಡು ಮಾಡಿ, ಬರೀ ಶ್ರೀ ಎಂಬ ಫೋಲ್ಡರ್ ಹುಡುಕಿ ಸೋತಿತ್ತು!

"ಕಂಪೈಲರಿನ ತಪ್ಪಲ್ಲ ಅತ್ತೆ, ನಾ ಕಟ್ಟಿದ ಗಂಟಿನ ತಪ್ಪು."

"ಗಂಟನ್ನ ಯಾರೂ ಸಾಬೀತು ಮಾಡ್ಲಿಲ್ವನೇ?"

"ಅದಕ್ಕೆ ನೀನೇ ಬೇಕಾತು! ಈಗಿನ ಮಟ್ಟಿಗೆ ಆ ಶ್ರೀ ತೆಗ್ದುಬಿಡ್ಲಾ?"

"ನಿನ್ನ ಕೈ ಮುರೀತೆ. ನಿನ್ನ ಗಂಟು ಸರಿ ಮಾಡು."

ಮಾಡಿದಳು. ಮತ್ತೆ ಅಕ್ಷರಗಳು ಓಡುತ್ತಿವೆ... ಕೆಂಪಿಲ್ಲ! ಆ ಕಂಪೈಲರಿನಲ್ಲೇ ಸಣ್ಣ ಪ್ರೋಗ್ರಾಂ ಮಾಡಿ ಓಡಿಸಿದಳು. ಪರದೆ ಮೇಲೆ "ನಮಸ್ಕಾರ ಅತ್ತೆ" ಎಂದು ಬಂತು.

ಕತ್ತರಿಸಿಟ್ಟ ಬಟ್ಟೆಯ ನಡುವೆ ಇಬ್ಬರೂ ಕುಣಿದೆವು. ಸೀರೆಗೆ ಫಾಲ್ ಹಾಕಿಸಲು ಬಂದ ಗಿರಿಜಕ್ಕ ಬಾಗಿಲಲ್ಲೇ ನಿಂತಳು.

"ಯಾರದ್ದು ಮದುವೆ ಗಟ್ಟಿ ಆತೇ?"

"ಕಂಪೈಲರಿಂದು!" ಎಂದೆ.

ಈಗ ಕೇಳಿ. ನನ್ನದೊಂದರಲ್ಲಿ ಕೂತರೆ ಸಾಲದಂತೆ. ಕುಮಟಾ, ಭಟ್ಕಳದವರೇ, ನಿಮ್ಮ ಕಂಪ್ಯೂಟರಿಗೆ ಎಂತೆಂಥ ಹೆಸರು ಇಟ್ಟಿದ್ದೀರೋ ನಿಮಗೇ ಗೊತ್ತು. ಟೈಪ್ ಮಾಡುವ ಸಾಲು ಕಾಮೆಂಟಿನಲ್ಲಿದೆ, ನಿಮ್ಮದರಲ್ಲೂ ಹಾಕಿ ನೋಡಿ.

ಲೈಕ್ ಬೇಡ, ಹೂವಿನ ಚಿತ್ರ ಬೇಡ. ಕೂತಿತೋ ಇಲ್ಲವೋ, ಹತ್ತೊಂಬತ್ತನೇ ತಾರೀಕು ಸಂಜೆಯೊಳಗೆ ಹೇಳಿ.